ನೇಗಿಲ ಮಾತು ಕೇಳುವ ಟ್ರ್ಯಾಕ್ಟರ್

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಬ್ಯಾನರ್ ಲೇನ್ ಎಂಬಲ್ಲಿ ಒಂದು ಕಾರ್ಖಾನೆಯಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ವಿಮಾನದ ಇಂಜಿನ್ನುಗಳು ತಯಾರಾಗುತ್ತಿದ್ದವು. ಯುದ್ಧ ಮುಗಿದ ಮೇಲೆ, 1946ರಿಂದ 1956ರವರೆಗೆ, ಅದೇ ಶೆಡ್ಡುಗಳಿಂದ ಐದು ಲಕ್ಷಕ್ಕೂ ಹೆಚ್ಚು ಪುಟ್ಟ ಟ್ರ್ಯಾಕ್ಟರುಗಳು ಹೊರಬಂದವು. ಹೆಸರು ಫರ್ಗ್ಯುಸನ್ ಟಿಇ20. ಎಲ್ಲಕ್ಕೂ ಒಂದೇ ಬೂದು ಬಣ್ಣ. ‘ಪುಟ್ಟ ಬೂದು ಫರ್ಗಿ’ ಎಂದು ಅಲ್ಲಿನವರು ಮುದ್ದಿನಿಂದ ಕರೆದರು, ಈಗಲೂ ಕರೆಯುತ್ತಾರೆ. ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್‌ಗಳ ಹಳೆಯ ತೋಟಗಳಲ್ಲಿ, ಕುಸಿದ ಕೊಟ್ಟಿಗೆಗಳೊಳಗೆ, ಬೇಲಿಸಾಲಿನ ಮುಳ್ಳುಪೊದೆಯ ನಡುವೆ ಇವು ಇವತ್ತಿಗೂ ಸಿಗುತ್ತವೆ. ಟೈರು ಮಣ್ಣಾಗಿರುತ್ತದೆ, ಸೈಲೆನ್ಸರ್ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿರುತ್ತದೆ. ಅಂಥದ್ದನ್ನು ಗುಜರಿಯವನ ಕೈಗೆ ಹೋಗುವ ಮೊದಲೇ ಎಳೆದು ತಂದು, ವರ್ಷಗಟ್ಟಲೆ ಕೂತು ಮತ್ತೆ ಜೀವ ಬರಿಸುವ ಜನ ಆ ದೇಶಗಳಲ್ಲಿ ಬಹಳ.

ಇಂಥ ಟ್ರ್ಯಾಕ್ಟರು ‘ಸರಿಹೋಯಿತು’ ಎಂದು ಯಾವಾಗ ಹೇಳಬೇಕು? ಇಂಜಿನ್ ಸದ್ದು ಮಾಡಿದ ದಿನ ಹೆಚ್ಚಿನವರು ಮಿಠಾಯಿ ಹಂಚುತ್ತಾರೆ. ಬಣ್ಣ ಬಳಿದು ಫೋಟೋ ತೆಗೆಸಿದಾಗ ಕೆಲಸ ಮುಗಿಯಿತೆನ್ನುವವರೂ ಇದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಫರ್ಗಿಯ ಜಾಣತನ ಇಂಜಿನ್ನಿನಲ್ಲಿಲ್ಲ. ಸೀಟಿನ ಕೆಳಗೆ, ಎಣ್ಣೆಯಲ್ಲಿ ಮುಳುಗಿ ಕೂತಿದೆ. ಅದು ಕೆಲಸ ಮಾಡದಿದ್ದರೆ ನಿಮ್ಮ ಬಳಿ ಇರುವುದು ಸುಮಾರು 25 ಅಶ್ವಶಕ್ತಿಯ ಒಂದು ಸದ್ದಿನ ಗಾಡಿ, ಅಷ್ಟೇ.

ಆ ಜಾಣತನಕ್ಕೆ ಕಾರಣನಾದ ಹ್ಯಾರಿ ಫರ್ಗ್ಯುಸನ್ ಹುಟ್ಟಿದ್ದು 1884ರಲ್ಲಿ, ಉತ್ತರ ಐರ್ಲೆಂಡಿನ ರೈತ ಮನೆತನದಲ್ಲಿ. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನದಲ್ಲಿ ಹಾರಿ, ಐರ್ಲೆಂಡಿನಲ್ಲಿ ಹಾಗೆ ಹಾರಿದ ಮೊದಲಿಗನೆನಿಸಿದ. ಮೊದಲ ಮಹಾಯುದ್ಧದಲ್ಲಿ ಸರ್ಕಾರ ಅವನನ್ನು ಟ್ರ್ಯಾಕ್ಟರುಗಳ ಉಳುಮೆ ಸುಧಾರಿಸಲು ಕಳಿಸಿತು. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದು ಭಯಂಕರ ದೋಷ. ಆಗಿನ ಟ್ರ್ಯಾಕ್ಟರುಗಳು ನೇಗಿಲನ್ನು ಗಾಡಿ ಎಳೆದಂತೆ ಸರಪಳಿಯಿಂದಲೋ ಕೊಕ್ಕೆಯಿಂದಲೋ ಎಳೆಯುತ್ತಿದ್ದವು. ನೇಗಿಲು ಬಂಡೆಗೆ ಸಿಕ್ಕಿತೆನ್ನಿ. ಹಿಂದಿನ ಚಕ್ರ ಮುಂದಕ್ಕೆ ಹೋಗಲಾರದು, ಆದರೆ ಇಂಜಿನ್ ತಿರುಗಿಸುವುದನ್ನು ನಿಲ್ಲಿಸುವುದಿಲ್ಲ. ಚಕ್ರ ತಿರುಗದಿದ್ದರೆ ಆ ಬಲ ಟ್ರ್ಯಾಕ್ಟರಿನ ದೇಹವನ್ನೇ ಆಕ್ಸಲ್ ಸುತ್ತ ತಿರುಗಿಸುತ್ತದೆ. ಮೂತಿ ಮೇಲೇಳುತ್ತದೆ, ಟ್ರ್ಯಾಕ್ಟರು ಚಾಲಕನ ಮೇಲೆಯೇ ಮಗುಚುತ್ತದೆ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರುಗಳಿಗೆ ಈ ಕೆಟ್ಟ ಹೆಸರು ಚೆನ್ನಾಗಿಯೇ ಅಂಟಿಕೊಂಡಿತ್ತು.

ಫರ್ಗ್ಯುಸನ್ ಹುಡುಕಿದ ಪರಿಹಾರವನ್ನು ಇಂದು ನಮ್ಮ ಯಾವ ಹೊಲದಲ್ಲಿ ನೋಡಿದರೂ ಕಾಣಬಹುದು. ಟ್ರ್ಯಾಕ್ಟರಿನ ಹಿಂದೆ ಕಲ್ಟಿವೇಟರನ್ನೋ ರೋಟವೇಟರನ್ನೋ ಹಿಡಿದಿರುವ ಮೂರು ಕೈಗಳು: ಕೆಳಗೆ ಎರಡು, ಮೇಲೆ ನಡುವೆ ಒಂದು. ಮೇಲಿನದನ್ನು ನಮ್ಮ ಡ್ರೈವರುಗಳೂ ಟಾಪ್ ಲಿಂಕ್ ಎಂದೇ ಕರೆಯುತ್ತಾರೆ. ಕೆಳಗಿನ ಎರಡು ಕೈ ನೇಗಿಲನ್ನು ಎಳೆಯುತ್ತವೆ. ಮಣ್ಣು ನೇಗಿಲ ಕುಳವನ್ನು ಹಿಂದಕ್ಕೆ ತಡೆಯುವುದರಿಂದ ನೇಗಿಲ ಮೇಲ್ಭಾಗ ಮುಂದಕ್ಕೆ ವಾಲಲು ನೋಡುತ್ತದೆ, ಟಾಪ್ ಲಿಂಕನ್ನು ಟ್ರ್ಯಾಕ್ಟರಿನ ಮೈಗೆ ಒತ್ತುತ್ತದೆ. ಆ ಒತ್ತಡ ಮೂತಿಯನ್ನು ಕೆಳಗೆ ಅದುಮುವುದರಿಂದ ಮಗುಚುವ ಅಪಾಯ ತಪ್ಪಿತು. ಇಷ್ಟೇ ಆಗಿದ್ದರೂ ಅವನ ಹೆಸರು ಉಳಿಯುತ್ತಿತ್ತು.

ಅವನು ಅಲ್ಲಿಗೆ ನಿಲ್ಲಲಿಲ್ಲ. ಟಾಪ್ ಲಿಂಕ್ ಬಂದು ಸೇರುವ ಜಾಗದಲ್ಲಿ ಒಂದು ದಪ್ಪ ಸ್ಪ್ರಿಂಗ್ ಇಟ್ಟ. ಮಣ್ಣು ಗಟ್ಟಿಯಾದಷ್ಟೂ ಸ್ಪ್ರಿಂಗ್ ಹೆಚ್ಚು ಒತ್ತಿಕೊಳ್ಳುತ್ತದೆ. ಸ್ಪ್ರಿಂಗ್‌ನ ಆ ಚಲನೆ ಒಂದು ಕಡ್ಡಿಯ ಮೂಲಕ ಹೈಡ್ರಾಲಿಕ್ ಪಂಪಿನ ವಾಲ್ವ್ ತಲುಪುತ್ತದೆ; ಪಂಪು ಎಣ್ಣೆ ತಳ್ಳಿ ನೇಗಿಲನ್ನು ಕೂದಲೆಳೆಯಷ್ಟು ಮೇಲೆತ್ತುತ್ತದೆ. ಮಣ್ಣು ಮೆತ್ತಗಾದರೆ ಸ್ಪ್ರಿಂಗ್ ಸಡಿಲ, ನೇಗಿಲು ಮತ್ತೆ ಕೆಳಗೆ. ಎತ್ತಿನ ಉಳುಮೆಯಲ್ಲಿ ಅನುಭವಿ ರೈತ ನೇಗಿಲ ಹಿಡಿಯಲ್ಲಿ ಮಣ್ಣಿನ ಗಡಸು ಗ್ರಹಿಸಿ, ಕೈಯನ್ನು ತುಸು ಎತ್ತಿ ತುಸು ಅದುಮಿ ಉಳುತ್ತಾನಲ್ಲ, ಅದೇ ಕೆಲಸವನ್ನು ಇಲ್ಲಿ ಒಂದು ಸ್ಪ್ರಿಂಗ್ ಮತ್ತು ಒಂದು ವಾಲ್ವ್ ಮಾಡುತ್ತವೆ. ಯಾವ ಸೆನ್ಸರೂ ಇಲ್ಲ, ತಂತಿಯೂ ಇಲ್ಲ.

ಇನ್ನೂ ಒಂದು ಲಾಭ. ಪಂಪು ನೇಗಿಲನ್ನು ಎತ್ತಲು ನೋಡಿದಾಗಲೆಲ್ಲ ನೇಗಿಲ ಭಾರ, ಅದರ ಮೇಲೆ ಬಿದ್ದ ಮಣ್ಣಿನ ಭಾರ ಹಿಂದಿನ ಚಕ್ರಗಳಿಗೆ ವರ್ಗವಾಗುತ್ತದೆ. ಎಳೆಯುವ ಕಷ್ಟ ಹೆಚ್ಚಿದಷ್ಟೂ ಚಕ್ರದ ಹಿಡಿತ ಹೆಚ್ಚುತ್ತದೆ. ಹೆಚ್ಚು ಎಳೆಯಬೇಕಾದರೆ ಟ್ರ್ಯಾಕ್ಟರಿನ ತೂಕ ಹೆಚ್ಚಿಸಬೇಕು ಎಂಬುದು ಅಲ್ಲಿಯವರೆಗಿನ ನಂಬಿಕೆ. ತೂಕ ಹೆಚ್ಚಿದರೆ ಮಣ್ಣು ಗಟ್ಟಿಯಾಗುತ್ತದೆ ಎಂಬುದೂ ಗೊತ್ತಿತ್ತು. ಟಿಇ20ಯ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು, ಅಷ್ಟೇ. 1938ರಲ್ಲಿ ಹೆನ್ರಿ ಫೋರ್ಡ್ ಈ ವ್ಯವಸ್ಥೆಯನ್ನು ಕಣ್ಣಾರೆ ಕಂಡು, ಕಾಗದ ಪತ್ರವಿಲ್ಲದೆ ಬರೀ ಕೈಕುಲುಕಿ ಫರ್ಗ್ಯುಸನ್ ಜೊತೆ ಕರಾರು ಮಾಡಿಕೊಂಡ. ಫೋರ್ಡನ ಮೊಮ್ಮಗನ ಕಾಲಕ್ಕೆ ಆ ಕರಾರು ಮುರಿದು, ಕೋರ್ಟು ಕಚೇರಿ ಸುತ್ತಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಕೈಕುಲುಕಿನ ಬೆಲೆ ಕಡಿಮೆಯೇನಲ್ಲ!

ಈಗ ಮುಳ್ಳುಪೊದೆಯಿಂದ ಎಳೆದು ತಂದ ಟ್ರ್ಯಾಕ್ಟರಿಗೆ ಬರೋಣ. ಮೊದಲು ಎದುರಾಗುವ ಶತ್ರು ತುಕ್ಕು. ಕಬ್ಬಿಣ ತುಕ್ಕಾದಾಗ ಅದು ಆಕ್ರಮಿಸುವ ಜಾಗ ಮೂಲ ಕಬ್ಬಿಣದ ಎರಡು ಪಟ್ಟನ್ನೂ ಮೀರುತ್ತದೆ. ಬೋಲ್ಟು–ನಟ್ಟಿನ ನಡುವೆ ಇದ್ದ ಕೂದಲಗಲದ ಸಂದಿಯಲ್ಲಿ ಆ ತುಕ್ಕು ಉಬ್ಬಿ, ಬೆಣೆ ಹೊಡೆದಂತೆ ಬಿಗಿಯಾಗುತ್ತದೆ. ಉದ್ದ ಪಾನ ಹಾಕಿ ನೇತಾಡಿದರೆ ಬೋಲ್ಟಿನ ತಲೆ ಕಿತ್ತು ಬರುತ್ತದೆ, ನಟ್ಟು ಅಲ್ಲೇ ಇರುತ್ತದೆ. ಬಲ್ಲವರು ನಟ್ಟನ್ನು ಕಾಯಿಸುತ್ತಾರೆ. ನಟ್ಟು ಹಿಗ್ಗುತ್ತದೆ, ನಡುವಿನ ತುಕ್ಕಿನ ಪದರ ಬಿರಿಯುತ್ತದೆ. ಆರುವಾಗ ಎಣ್ಣೆ ಬಿಟ್ಟರೆ ಆ ಬಿರುಕುಗಳೊಳಗೆ ತಾನಾಗಿ ಇಳಿಯುತ್ತದೆ.

ಬಿಡಿಭಾಗಗಳಿಗೆ ಇನ್ನೊಂದು ಸೊಗಸಾದ ಉಪಾಯವಿದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು, ಅದಕ್ಕೆ ಒಂದಿಷ್ಟು ವಾಷಿಂಗ್ ಸೋಡಾ. ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಮೈನಸ್ ತಂತಿಗೆ, ಕೆಲಸಕ್ಕೆ ಬಾರದ ಕಬ್ಬಿಣದ ತುಂಡೊಂದನ್ನು ಪ್ಲಸ್ ತಂತಿಗೆ ಕಟ್ಟಿ, ಎರಡೂ ಒಂದನ್ನೊಂದು ಮುಟ್ಟದಂತೆ ಮುಳುಗಿಸಬೇಕು. ಕರೆಂಟು ಹರಿದಾಗ ತುಕ್ಕು ಎಲೆಕ್ಟ್ರಾನುಗಳನ್ನು ಪಡೆದು ಸಡಿಲಗೊಂಡು ಕಪ್ಪು ಪುಡಿಯಾಗಿ ಉದುರುತ್ತದೆ. ಕೆಳಗಿನ ಗಟ್ಟಿ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಆದರೆ ಗುಳ್ಳೆ ಗುಳ್ಳೆಯಾಗಿ ಏಳುವುದು ಹೈಡ್ರೋಜನ್. ಈ ಕೆಲಸ ಬಯಲಲ್ಲೇ ಆಗಬೇಕು, ಬೀಡಿ ಹಚ್ಚಿಕೊಂಡು ಹತ್ತಿರ ಹೋಗಬಾರದು. ಪ್ಲಸ್ ತುದಿಗೆ ಸ್ಟೀಲ್ ಲೋಟ ಚಮಚ ಕಟ್ಟುವ ಆಸೆಯೂ ಬೇಡ. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ವಿಷರೂಪದಲ್ಲಿ ನೀರಿಗೆ ಇಳಿಯುತ್ತದೆ.

ಜಾಮ್ ಆದ ಇಂಜಿನ್ ನೋಡಿ ಹೆದರುವವರಿಗೆ ಇಲ್ಲೊಂದು ಸಮಾಧಾನ. ಬಹುಪಾಲು ಟಿಇ20ಗಳಲ್ಲಿರುವುದು ಸ್ಟ್ಯಾಂಡರ್ಡ್ ಕಂಪನಿಯ ಇಂಜಿನ್. ಅದೇ ವಂಶದ ಇಂಜಿನ್ ಟ್ರಯಂಫ್ ಟಿಆರ್2 ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಓಡಿತು. ಅದರ ಸಿಲಿಂಡರ್ ಲೈನರುಗಳು ಬ್ಲಾಕಿನಲ್ಲಿ ಸಡಿಲವಾಗಿ ಕೂತು, ಸುತ್ತ ನೀರು ಹರಿಯುವಂಥವು. ಪಿಸ್ಟನ್ ಕಚ್ಚಿಕೊಂಡು ಬರಲಾರೆ ಎಂದರೆ ಲೈನರು ಸಮೇತ ಎಳೆದು ತೆಗೆದು ಹೊಸ ಜೋಡಿ ಇಳಿಸಬಹುದು, ಬ್ಲಾಕ್ ಉಳಿಯುತ್ತದೆ. ಲೈನರು ಕೂರುವ ಅಂಚನ್ನು ಮಾತ್ರ ಕೆರೆದು ಚೊಕ್ಕಟ ಮಾಡಲೇಬೇಕು. ಅಲ್ಲಿ ಕೊಳೆ ಉಳಿದರೆ ರೇಡಿಯೇಟರಿನ ನೀರು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಸೀಮೆಎಣ್ಣೆಯಂಥ ಇಂಧನದಲ್ಲಿ ಓಡುವ ಮಾದರಿಯೂ ಇತ್ತು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಬದಲಿಸುವುದು. ನಮ್ಮ ಕೆರೆಬಯಲಲ್ಲಿ ಸೀಮೆಎಣ್ಣೆ ಪಂಪ್‌ಸೆಟ್ ಓಡಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇಂಜಿನ್ ಓಡಿತು. ಈಗ ಸೀಟಿನ ಕೆಳಗಿನ ಕೆಲಸ. ಫರ್ಗಿಗೆ ಚಾಸಿಯೇ ಇಲ್ಲ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಒಂದಕ್ಕೊಂದು ಬೋಲ್ಟಾಗಿ ಅವೇ ಬೆನ್ನೆಲುಬು. ಗೇರುಗಳಿಗೂ ಹೈಡ್ರಾಲಿಕ್ಕಿಗೂ ಒಂದೇ ಎಣ್ಣೆ. ವರ್ಷಗಟ್ಟಲೆ ಮಳೆ ಇಬ್ಬನಿಯಲ್ಲಿ ನಿಂತ ಟ್ರ್ಯಾಕ್ಟರಿನ ಕೆಳಗಿನ ಪ್ಲಗ್ ಬಿಚ್ಚಿದರೆ ಮೊದಲು ಸುರಿಯುವುದು ನೀರು, ಆಮೇಲೆ ಹಾಲಿನಂಥ ಬಿಳಿ ಎಣ್ಣೆ. ಆ ನೀರು ಪಂಪಿನ ವಾಲ್ವನ್ನೂ ಕಚ್ಚಿ ಹಿಡಿಸಿರುತ್ತದೆ. ಮೇಲಿನ ಭಾರದ ಮುಚ್ಚಳವನ್ನು ಚೈನ್ ಕಪ್ಪಿ ಹಾಕಿ ಎತ್ತಿ, ಹಿಂದಿನ ಉಪಕರಣಗಳನ್ನು ತಿರುಗಿಸುವ ಪಿಟಿಒ ಶಾಫ್ಟನ್ನು ಹಿಂದಕ್ಕೆ ಎಳೆದು, ಪಂಪನ್ನು ಹೊರತೆಗೆಯಬೇಕು. ಪಂಪು ತಿರುಗುವುದು ಆ ಶಾಫ್ಟಿನಿಂದಲೇ. ಹಾಗಾಗಿ ಪಿಟಿಒ ಲಿವರ್ ಹಾಕದಿದ್ದರೆ ಲಿಫ್ಟ್ ಏಳದು, ಕ್ಲಚ್ ಒತ್ತಿದರೂ ನಿಂತುಬಿಡುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಪಂಪನ್ನೇ ಬಿಚ್ಚಿ ಹರಡಿದವರುಂಟು.

ಬಣ್ಣದ ಜಗಳ ಬೇರೆಯೇ ಇದೆ. ಕಾರ್ಖಾನೆಯ ಬೂದು ಬಣ್ಣವನ್ನೇ ಹುಡುಕಿ, ಕನ್ನಡಿಯಂತೆ ಹೊಳೆಯಿಸುವವರು ಒಂದು ಕಡೆ. ಸವೆದ ಬಾನೆಟ್ಟಿಗೆ ಎಣ್ಣೆ ಸವರಿ ಹಾಗೇ ಬಿಡುವವರು ಇನ್ನೊಂದು ಕಡೆ. ನನ್ನ ಮತ ಎರಡನೆಯವರಿಗೆ. ಎಡ್ಮಂಡ್ ಹಿಲರಿಯ ತಂಡ ಇದೇ ಟ್ರ್ಯಾಕ್ಟರುಗಳ ಚಕ್ರಗಳಿಗೆ ಟ್ರ್ಯಾಕ್ ಪಟ್ಟಿ ತೊಡಿಸಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿತು. ಆಗ ಅವು ಹೊಳೆಯುತ್ತಿದ್ದಿರಲಾರವು.

ನಮ್ಮಲ್ಲಿ ಫರ್ಗಿಯ ನೆಂಟರಿಗೆ ಬರವಿಲ್ಲ. ಫರ್ಗ್ಯುಸನ್ ಕಂಪನಿ 1953ರಲ್ಲಿ ಮ್ಯಾಸ್ಸಿ–ಹ್ಯಾರಿಸ್ ಜೊತೆ ಸೇರಿತು. ಟಿಇ20ಯ ನಂತರ ಬಂದ 35 ಮಾದರಿಯ ವಂಶದ್ದೇ ನಮ್ಮ ಹಳ್ಳಿಗಳ ಮ್ಯಾಸ್ಸಿ 1035; ಅದನ್ನು ಮಾಡಿದ್ದು 1960ರಲ್ಲಿ ಚೆನ್ನೈಯಲ್ಲಿ ಶುರುವಾದ ಟಾಫೆ. ಟಿಇ20ಯಲ್ಲಿ ಲಿಫ್ಟಿಗೆ ಒಂದೇ ಲಿವರ್, ಮಣ್ಣಿನ ಗಡಸಿಗೆ ತಕ್ಕಂತೆ ನಡೆಯುವುದೊಂದೇ ಅದಕ್ಕೆ ಗೊತ್ತು. 35ರಲ್ಲಿ ಎರಡನೇ ಲಿವರ್ ಬಂತು, ಉಪಕರಣವನ್ನು ಬೇಕಾದ ಎತ್ತರದಲ್ಲಿ ನಿಲ್ಲಿಸಲು. ನಮ್ಮ ಎಷ್ಟೋ ಡ್ರೈವರುಗಳು ಆ ಎರಡನೆಯದನ್ನೇ ಬಳಸಿ, ಫರ್ಗ್ಯುಸನ್ ತಲೆ ಕೆಡಿಸಿಕೊಂಡು ಕಂಡುಹಿಡಿದ ಮೊದಲನೆಯದನ್ನು ಮುಟ್ಟುವುದೇ ಇಲ್ಲ.

ಮತ್ತೆ ಜೋಡಿಸಿದ ಫರ್ಗಿಯ ಪರೀಕ್ಷೆ ಎರಡು ಹಂತದ್ದು. ನೇಗಿಲು ಎತ್ತಿ ಇಂಜಿನ್ ಓಡುತ್ತಿರಲಿ: ಕೈಗಳು ಇಳಿಯುತ್ತ ಮತ್ತೆ ಏಳುತ್ತ ತಲೆಯಾಡಿಸಿದರೆ ಸಿಲಿಂಡರಿನಲ್ಲೋ ಪಂಪಿನಲ್ಲೋ ಎಣ್ಣೆ ಸೋರುತ್ತಿದೆ ಎಂದರ್ಥ. ಅದು ಸರಿಯಿದ್ದರೆ ಹೊಲಕ್ಕೆ ಇಳಿಸಿ, ಅರ್ಧ ಮೆತ್ತಗೆ ಅರ್ಧ ಗಟ್ಟಿ ಇರುವ ನೆಲದಲ್ಲಿ ಒಂದು ಸಾಲು ಹೊಡೆಯಬೇಕು. ಗಟ್ಟಿ ಮಣ್ಣು ಬಂದಲ್ಲಿ ಇಂಜಿನ್ ಉಸಿರುಗಟ್ಟದೆ, ಚಕ್ರ ಜಾರದೆ ದಾಟಿತೇ ನೋಡಬೇಕು. ನೇಗಿಲು ಎಗರೆಗರಿ ಬಿದ್ದು ಸಾಲು ಏರಿಳಿತವಾದರೆ, ಟಾಪ್ ಲಿಂಕ್ ಬುಡದ ಸ್ಪ್ರಿಂಗ್ ತನ್ನ ಜಾಗದಲ್ಲಿ ಲೊಡಲೊಡ ಎನ್ನುತ್ತಿದೆಯೇ ಎಂದು ಕೈಯಿಂದ ಅಲುಗಿಸಿ ನೋಡಿ. ಚೂರು ಸಡಿಲ ಸಿಕ್ಕರೂ ಬಿಗಿ ಮಾಡಿ ಇನ್ನೊಂದು ಸಾಲು ಹೊಡೆಯಿರಿ.