ನಂದಿಯ ಬುಡದಲ್ಲಿ ಕತ್ತರಿ ತಂದ ಚಳಿಗಾಲ

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಕಡೆ ಹೊರಟರೆ ರಘುನಾಥಪುರ. ಆಚೆ ನಂದಿಬೆಟ್ಟದ ಬೋಳು ಬಂಡೆ. ಈಚೆ ಕೆಮ್ಮಣ್ಣು, ರಾಗಿ, ಹಿಪ್ಪುನೇರಳೆ, ನಡುನಡುವೆ ಕಲ್ಲುಕಂಬದ ಚಪ್ಪರ. ಅದರಡಿ ಬಗ್ಗಿ ನಡೆದರೆ ತಲೆಗೆ ಬೆಂಗಳೂರು ಬ್ಲೂ ದ್ರಾಕ್ಷಿಯ ಗೊಂಚಲು ತಾಗುತ್ತದೆ: ಕಡುನೀಲಿ ಬಣ್ಣ, ದಪ್ಪ ಸಿಪ್ಪೆ, ದೂರಕ್ಕೇ ಹೊಡೆಯುವ ವಾಸನೆ. ತಿನ್ನಲು ಸೊಗಸು, ಆದರೆ ಫ್ರೆಂಚರ ನಾಲಿಗೆಗೆ ಇದರ ವೈನ್ ಒಗ್ಗದು.

ವೈನಿನ ತೋಟದಲ್ಲಿ ಚಪ್ಪರವಿಲ್ಲ. ತಂತಿಗೆ ಕಟ್ಟಿದ ಬಳ್ಳಿಗಳು ಸಾಲಾಗಿ ನಿಂತಿವೆ. ಕ್ಯಾಬರ್ನೆ ಸೋವಿನ್ಯೋನ್, ಶಿರಾಜ್ ಎಂಬ ತಳಿಗಳು. ಪುಟ್ಟ ಹಣ್ಣು, ಬಾಯಿಗೆ ಹಾಕಿದರೆ ಬೀಜವೇ ಹೆಚ್ಚು.

ಈ ತಳಿಗಳನ್ನು ಇಲ್ಲಿಗೆ ತಂದವರು ಮುಂಬಯಿಯ ಉದ್ಯಮಿ ಕಂವಲ್ ಗ್ರೋವರ್. ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತಿದ್ದವರಿಗೆ ಅಲ್ಲಿಯ ವೈನಿನ ರುಚಿ ಹತ್ತಿತು. ಷಾಂಪೇನ್ ಸೀಮೆಯ ವೈನ್ ತಜ್ಞ ಜಾರ್ಜ್ ವೆಸೆಲ್ ಜೊತೆಗೂಡಿ ಹಲವು ತಳಿ ಬೆಳೆಸಿ ನೋಡಿ, 1988ರಲ್ಲಿ ಕಂಪನಿ ಕಟ್ಟಿದರು. ಸುಮಾರು 900 ಮೀಟರ್ ಎತ್ತರ, ತಂಪು ರಾತ್ರಿ: ಮುಂಬಯಿಯ ಬೆವರಿನಲ್ಲಿ ಸಿಗದ್ದು ಇಲ್ಲಿತ್ತು. 1990ರ ದಶಕದಲ್ಲಿ ಬೋರ್ದೋದ ಮಿಶೆಲ್ ರೋಲಾಂ ಸಲಹೆಗಾರರಾಗಿ ಬಂದರು.

ಯುರೋಪಿನ ಬಳ್ಳಿ ಹಿಮಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಬಿಟ್ಟರೆ ವರ್ಷಪೂರ್ತಿ ಚಿಗುರುತ್ತದೆ. ಹಾಗಾಗಿ ಎರಡು ಸಲ ಕತ್ತರಿ. ಬೇಸಿಗೆಯಲ್ಲಿ ಬೋಳು ಸವರಿದರೆ ಹೊಸ ಕಡ್ಡಿ ಬರುತ್ತದೆ, ಫಸಲಿಗಲ್ಲ. ಮಳೆ ಹಿಂದೆಗೆದ ಮೇಲೆ ಮತ್ತೆ ಸವರಿದಾಗಲೇ ಹೂ, ಕಾಯಿ. ಬೇಸಿಗೆ ಏರುವ ಮುನ್ನ ಕೊಯ್ಲು. ಮಾಗಿಯನ್ನು ಆಳುಗಳ ಕೈಯ ಕತ್ತರಿಯೇ ತರಬೇಕು. ಬಾಟಲಿಯ ಮೇಲೆ ಫ್ರೆಂಚ್ ಹೆಸರು ಮಿನುಗಿದರೂ ಒಳಗಿನ ರಸಕ್ಕೆ ಈ ಕೈಗಳದ್ದೇ ಹೆಚ್ಚು ಋಣ ಎಂಬುದು ನನ್ನ ಲೆಕ್ಕ.

ಇನ್ನು ಸರ್ಕಾರದ ನೆರವಿನ ಮಾತು: ಮಹಾರಾಷ್ಟ್ರ 2001ರಲ್ಲೇ ತನ್ನ ವೈನರಿಗಳಿಗೆ ತೆರಿಗೆ ವಿನಾಯಿತಿ ಕೊಟ್ಟು ನಾಸಿಕವನ್ನು ಎತ್ತಿ ನಿಲ್ಲಿಸಿತು. ಕರ್ನಾಟಕದ ವೈನ್ ನೀತಿ ಬರಲು 2007 ಆಯಿತು. 2012ರಲ್ಲಿ ಗ್ರೋವರ್ ಕಂಪನಿ ಇಗತ್‌ಪುರಿ ತಾಲ್ಲೂಕಿನ ವಾಲೇ ದ ವ್ಯಾಂ ಎಂಬ ವೈನ್ ಕಂಪನಿಯ ಜೊತೆ ವಿಲೀನಗೊಂಡು ಗ್ರೋವರ್ ಜಾಂಪಾ ಆಯಿತು. ಮುಂಬಯಿಯ ಲೋಕಲ್ ರೈಲು ಕಸಾರಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ಘಟ್ಟ ಹತ್ತಿದರೆ ಇಗತ್‌ಪುರಿ. ನಂದಿಯ ತೋಟಕ್ಕೆ ಹೀಗೆ ಮುಂಬಯಿಯ ಮಗ್ಗುಲಲ್ಲೇ ಒಂದು ಜೋಡಿ ಸಿಕ್ಕಿತು. ತಮಾಷೆಯೆಂದರೆ, 1949ರ ಮುಂಬಯಿ ಪಾನನಿಷೇಧ ಕಾಯ್ದೆ ಇನ್ನೂ ಕಡತದಲ್ಲಿದೆ. ಮುಂಬಯಿಯ ದಾದರಿನಲ್ಲಿ ಬಾಟಲಿ ಕೊಳ್ಳುವವನ ಕಿಸೆಯಲ್ಲಿ, ಕಾನೂನಿನ ಪ್ರಕಾರ, ಪರ್ಮಿಟ್ ಇರಬೇಕು.