ಒಂದು ಪದದ ಹಿನ್ನೆಲೆ

ಮನುಷ್ಯನ ತಿಳಿವಳಿಕೆ ಕಾಲಕಾಲಕ್ಕೆ ಬದಲಾಗುತ್ತದೆ. ಆದರೆ ಹಳೆಯ ತಿಳಿವಳಿಕೆಯಿಂದ ಹುಟ್ಟಿದ ಮಾತುಗಳು ಎಷ್ಟೋ ವೇಳೆ ಹಾಗೆಯೇ ಉಳಿದುಬಿಡುತ್ತವೆ. ಇಂಗ್ಲಿಷಿನ ‘ಮೆಲಂಕಲಿ’ ಎಂಬ ಪದವು ಇದಕ್ಕೊಂದು ಉತ್ತಮ ನಿದರ್ಶನ. ವಿಷಾದ, ಖಿನ್ನತೆ ಎಂಬುದು ಅದರ ಅರ್ಥ. ಆಪ್ತರ ಅಗಲಿಕೆಯಿಂದ ಉಂಟಾಗುವ ತೀವ್ರ ಶೋಕವನ್ನು ಇಂಗ್ಲಿಷಿನಲ್ಲಿ ‘ಗ್ರೀಫ್’ ಎನ್ನುತ್ತಾರೆ. ಸ್ಪಷ್ಟವಾದ ಕಾರಣವಿಲ್ಲದೆಯೂ ಮನಸ್ಸನ್ನು ಬಹುಕಾಲ ಕವಿಯುವ ವ್ಯಥೆಯೇ ‘ಮೆಲಂಕಲಿ’.

ಈ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ‘ಮೆಲಾಸ್’ ಎಂದರೆ ಕಪ್ಪು; ‘ಖೊಲೆ’ ಎಂದರೆ ಪಿತ್ತ. ಇವೆರಡೂ ಕೂಡಿ ‘ಮೆಲಂಖೊಲಿಯಾ’ ಎಂದಾಯಿತು. ಅದು ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ ಇಂಗ್ಲಿಷನ್ನು ಸೇರಿತು. ಕಪ್ಪು ಪಿತ್ತಕ್ಕೂ ದುಃಖಕ್ಕೂ ಏನು ಸಂಬಂಧ?

ಕ್ರಿ.ಪೂ. 5ನೆಯ ಶತಮಾನದಲ್ಲಿ ಗ್ರೀಸಿನಲ್ಲಿ ಹಿಪಾಕ್ರಟೀಸ್ ಎಂಬ ಪ್ರಸಿದ್ಧ ವೈದ್ಯನಿದ್ದನು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು ದೇಹದಲ್ಲಿವೆ ಎಂದು ಅವನ ಪರಂಪರೆಯ ವೈದ್ಯರು ನಂಬಿದ್ದರು. ಅವು ಸಮಪ್ರಮಾಣದಲ್ಲಿದ್ದರೆ ಆರೋಗ್ಯ, ಏರುಪೇರಾದರೆ ರೋಗ. ಕಪ್ಪು ಪಿತ್ತ ಮಿತಿಮೀರಿದಾಗ ಭಯವೂ ವಿಷಾದವೂ ಮನುಷ್ಯನನ್ನು ಆವರಿಸುತ್ತವೆ ಎಂದು ಅವರು ಭಾವಿಸಿದರು. ಕ್ರಿ.ಶ. 2ನೆಯ ಶತಮಾನದಲ್ಲಿ ಗೇಲನ್ ಎಂಬ ವೈದ್ಯನು ಈ ವಾದವನ್ನು ವಿಸ್ತರಿಸಿದನು. ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳನ್ನು ಹೇಳುವ ಆಯುರ್ವೇದವನ್ನು ಬಲ್ಲ ನಮಗೆ ಈ ಬಗೆಯ ಆಲೋಚನೆ ಅಪರಿಚಿತವಲ್ಲ. ‘ಪಿತ್ತ ನೆತ್ತಿಗೇರಿತು’ ಎಂದು ಕನ್ನಡಿಗರೂ ಹೇಳುವುದುಂಟು.

ಮುಂದೆ ಯುರೋಪಿನ ಕಲಾವಿದರೂ ವಿದ್ವಾಂಸರೂ ಈ ವಿಷಾದದ ಕಡೆಗೆ ಆಕರ್ಷಿತರಾದರು. 1514ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಇದನ್ನೇ ಒಂದು ಕೆತ್ತನೆಯ ಚಿತ್ರದಲ್ಲಿ ರೂಪಿಸಿದನು. ಸುತ್ತಲೂ ಉಪಕರಣಗಳು ಬಿದ್ದಿದ್ದರೂ ಕೆಲಸದಲ್ಲಿ ತೊಡಗದೆ, ಕೆನ್ನೆಗೆ ಕೈಯಿಟ್ಟು ಕುಳಿತ ರೆಕ್ಕೆಯುಳ್ಳ ಆಕೃತಿ ಅದರಲ್ಲಿದೆ. ಇಂಗ್ಲೆಂಡಿನ ರಾಬರ್ಟ್ ಬರ್ಟನ್ 1621ರಲ್ಲಿ ಈ ವಿಷಯವಾಗಿಯೇ ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದನು. ಸ್ವತಃ ವಿಷಾದದಿಂದ ಬಳಲುತ್ತಿದ್ದ ಅವನು, ಅದರಿಂದ ಪಾರಾಗಲೆಂದೇ ಬರವಣಿಗೆಯಲ್ಲಿ ನಿರತನಾಗಿರುವುದಾಗಿ ಹೇಳಿಕೊಂಡನು.

ಕಪ್ಪು ಪಿತ್ತವೆಂಬ ರಸವೇ ದೇಹದಲ್ಲಿಲ್ಲವೆಂದು ಇಂದು ನಾವು ಬಲ್ಲೆವು. ಯಕೃತ್ತು ಸ್ರವಿಸುವ ಪಿತ್ತರಸವು ಹಳದಿ ಹಸಿರು ಬಣ್ಣದ್ದು. ಕೊಬ್ಬಿನ ಜೀರ್ಣಕ್ಕೆ ನೆರವಾಗುವುದು ಅದರ ಮುಖ್ಯ ಕೆಲಸ. ವೈದ್ಯಶಾಸ್ತ್ರದಲ್ಲಿ ಹಳೆಯ ಹೆಸರಿನ ಸ್ಥಾನವನ್ನು ಬಹುಮಟ್ಟಿಗೆ ‘ಡಿಪ್ರೆಷನ್’ ಎಂಬ ಪದವು ಪಡೆದಿದೆ. ‘ಕೆಳಕ್ಕೆ ಒತ್ತು’ ಎಂಬುದು ಅದರ ಲ್ಯಾಟಿನ್ ಮೂಲದ ಅರ್ಥ.

ಪ್ರಾಚೀನ ವೈದ್ಯರು ಹೇಳಿದ ಕಾರಣ ತಪ್ಪಾಗಿತ್ತು. ಆದರೆ ಅವರ ದೃಷ್ಟಿಯಲ್ಲಿ ಒಂದು ಸತ್ಯವಿತ್ತು. ಬಿಡದೆ ಕಾಡುವ ದುಃಖವನ್ನು ಅವರು ದೈವಕೋಪವೆಂದಾಗಲಿ, ಮನುಷ್ಯನ ದೌರ್ಬಲ್ಯವೆಂದಾಗಲಿ ತಳ್ಳಿಬಿಡಲಿಲ್ಲ. ಚಿಕಿತ್ಸೆಗೆ ಅರ್ಹವಾದ ವ್ಯಾಧಿಯೆಂದು ಕಂಡರು. ಖಿನ್ನರಾದವರನ್ನು ಹಳಿಯದೆ, ಅವರಿಗೆ ನೆರವು ದೊರಕಿಸಬೇಕೆಂಬ ಇಂದಿನ ವಿವೇಕವೂ ಇದೇ ಆಗಿದೆ.