ಗೆದ್ದ ಮೇಲೆ ಗುರುತು ಬದಲು: ಮಸ್ಕಿಯ ಖಾಲಿ ಖುರ್ಚಿ

ಅಂಗಡಿಯಲ್ಲಿ ಒಂದು ಕಿಲೋ ಸಕ್ಕರೆ ಕಟ್ಟಿಸಿಕೊಂಡು ಹೋಗಿ, ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಒಳಗೆ ಉಪ್ಪು ಕಂಡರೆ ಏನು ಮಾಡ್ತೀರಿ ಸ್ವಾಮಿ? ಅದೇ ಪೊಟ್ಟಣ ಹಿಡಿದುಕೊಂಡು ವಾಪಸ್ ಬರ್ತೀರಿ. ಸಾಹುಕಾರರು ನಾಲಗೆ ಕಚ್ಚಿಕೊಂಡು ಸಕ್ಕರೆ ಕೊಡ್ತಾರೆ, ಇಲ್ಲಾ ದುಡ್ಡು ಹಿಂದಕ್ಕೆ ಕೊಡ್ತಾರೆ. ವ್ಯಾಪಾರ ಅಂದ ಮೇಲೆ ಅಷ್ಟು ಮರ್ಯಾದೆ ಇದ್ದೇ ಇದೆ. ಆದರೆ ಒಂದು ಗುರುತಿಗೆ ಓಟು ಒತ್ತಿ ಗೆಲ್ಲಿಸಿದ ಶಾಸಕ ಮಹಾಶಯರು ಇನ್ನೊಂದು ಗುರುತಿನ ಪಾಳೆಯಕ್ಕೆ ನಡೆದುಬಿಟ್ಟರೆ? ಪೊಟ್ಟಣ ಹಿಡಿದುಕೊಂಡು ಯಾವ ಅಂಗಡಿಗೆ ಹೋಗಬೇಕು?

ಇದನ್ನು ಕೇಳಲಿಕ್ಕೆ ದಿಲ್ಲಿ, ಬೆಂಗಳೂರಿನ ತನಕ ಹೋಗಬೇಕಿಲ್ಲ. ಸಿಂಧನೂರಿನಿಂದ ಲಿಂಗಸುಗೂರು ಬಸ್ಸು ಹತ್ತಿ ಮಸ್ಕಿಯಲ್ಲಿ ಇಳಿದರೆ ಸಾಕು. ಅಲ್ಲಿನ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರು ಕೆತ್ತಿದೆ. ಎರಡು ಸಾವಿರ ವರ್ಷ ದಾಟಿದರೂ ಅಳಿಸಿಲ್ಲ. ಊರೊಳಗಿನ ಗೋಡೆ ಬರಹದ ಕಥೆ ಬೇರೆ!

2018ರ ಮೇ ತಿಂಗಳ ವಿಧಾನಸಭಾ ಚುನಾವಣೆ. ಕಾಂಗ್ರೆಸ್ಸಿನಿಂದ ಪ್ರತಾಪಗೌಡ ಪಾಟೀಲರು, ಬಿಜೆಪಿಯಿಂದ ಬಸನಗೌಡ ತುರುವಿಹಾಳರು. ಪ್ರತಾಪಗೌಡರು ಗೆದ್ದರು. ಎಷ್ಟು ಅಂತರದಿಂದ? 213 ಓಟು! ನಾಲ್ಕು ಬಸ್ಸಿನ ಸೀಟು ತುಂಬುವಷ್ಟು ಜನ. ಗುರುತು ಬದಲಾವಣೆ ಪ್ರತಾಪಗೌಡರಿಗೆ ಹೊಸದಲ್ಲ. 2008ರಲ್ಲಿ ಅವರು ಗೆದ್ದದ್ದು ಕಮಲದ ಗುರುತಿನಲ್ಲಿ, 2013ರಲ್ಲಿ ಕೈ ಗುರುತಿನಲ್ಲಿ. ಆದರೆ ಆಗ ಬದಲಿಸಿದ್ದು ಚುನಾವಣೆಯ ಹೊತ್ತಿಗೆ. 2019ರ ಜುಲೈನಲ್ಲಿ ಆದದ್ದು ನಡುದಾರಿಯಲ್ಲಿ.

ತಕ್ಕಡಿಯ ಕರಾಮತ್ತು

ಆ ಜುಲೈನ ಆಟ ವ್ಯಾಪಾರಸ್ಥರಿಗೆ ಬೇಗ ಅರ್ಥ ಆಗ್ತದೆ. ತಕ್ಕಡಿಯಲ್ಲಿ ನಿಮ್ಮ ತಟ್ಟೆ ಮೇಲಕ್ಕೆ ಎದ್ದಿದೆ ಅನ್ನಿ. ಕೆಳಗಿಳಿಸಲಿಕ್ಕೆ ಎರಡು ದಾರಿ. ನಿಮ್ಮ ತಟ್ಟೆಗೆ ಮಾಲು ಸುರಿಯಬೇಕು, ಇಲ್ಲಾ ಎದುರು ತಟ್ಟೆಯಿಂದ ಬಟ್ಟು ಎತ್ತಬೇಕು. ವಿಧಾನಸಭೆಯಲ್ಲಿ 224 ಚುನಾಯಿತ ಸ್ಥಾನ, ಬಹುಮತಕ್ಕೆ 113. ಬಿಜೆಪಿ ಬಳಿ ಇದ್ದದ್ದು 105. ಎಂಟು ಜನರನ್ನು ತರೋದು ಕಷ್ಟ, ತಂದರೆ ಕಾನೂನು ಹಿಡಿಯುತ್ತದೆ. ಅದಕ್ಕೇ ಎದುರು ತಟ್ಟೆಯ ಬಟ್ಟು ಎದ್ದವು. ಕಾಂಗ್ರೆಸ್, ಜೆಡಿಎಸ್ ಶಾಸಕರು ಒಬ್ಬರ ಹಿಂದೆ ಒಬ್ಬರು ರಾಜೀನಾಮೆ ಬರೆದು ಮುಂಬಯಿ ಹೋಟೆಲು ಸೇರಿದರು. ಜುಲೈ 23ರಂದು ಕುಮಾರಸ್ವಾಮಿ ಸರಕಾರ 99ಕ್ಕೆ 105 ಓಟುಗಳಿಂದ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ ಅವರು 17 ಮಂದಿಯನ್ನು ಅನರ್ಹಗೊಳಿಸಿದರು. ಉಳಿದದ್ದು 207 ಸ್ಥಾನ, ಬಹುಮತ 104. ಬಿಜೆಪಿಯ 105 ಅಲ್ಲಾಡಲೇ ಇಲ್ಲ, ತಕ್ಕಡಿ ಮಾತ್ರ ವಾಲಿತು!

ಕಾನೂನು ಇಲ್ಲವೇನ್ರಿ ಅಂತ ಕೇಳ್ತೀರಿ. ಇದೆ. 1967ರಲ್ಲಿ ಹರಿಯಾಣದ ಗಯಾಲಾಲ್ ಎಂಬ ಶಾಸಕರು ಹದಿನೈದು ದಿನದೊಳಗೆ ಮೂರು ಸಲ ಪಕ್ಷ ಬದಲಿಸಿದರು. ಒಂದು ಪಕ್ಷದಲ್ಲಿ ಮೂರು ಪಕ್ಷಾಂತರ! ‘ಆಯಾರಾಮ್ ಗಯಾರಾಮ್’ ಮಾತು ಹುಟ್ಟಿದ್ದು ಅಲ್ಲಿಂದ. ಆ ಕಾಟ ತಾಳಲಾರದೆ 1985ರಲ್ಲಿ ರಾಜೀವ್ ಗಾಂಧಿ ಸರಕಾರ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದಿತು. ಪಕ್ಷ ಬಿಟ್ಟರೆ, ವಿಪ್ ಮೀರಿದರೆ ಸದಸ್ಯತ್ವ ಖೋತಾ. ಆದರೆ ಮೂರನೇ ಒಂದು ಪಾಲು ಒಟ್ಟಿಗೆ ಹೊರಟರೆ ಅದು ‘ಒಡಕು’, ತಪ್ಪಲ್ಲ. ಚಿಲ್ಲರೆ ಮಾರಿದರೆ ಅಪರಾಧ, ಸಗಟು ಮಾರಿದರೆ ಸಾಚಾ! 2003ರ 91ನೇ ತಿದ್ದುಪಡಿ ಆ ಬಾಗಿಲು ಮುಚ್ಚಿತು. ಮೂರನೇ ಎರಡು ಪಾಲಿನ ವಿಲೀನದ ಬಾಗಿಲು ಹಾಗೇ ಉಳಿಯಿತು. ಅಷ್ಟೂ ಜನ ಸಿಗದಿದ್ದರೆ? ರಾಜೀನಾಮೆ ಎಂಬ ಕಿಟಕಿ ಇದೆಯಲ್ಲ. 2008ರಲ್ಲೇ ನಮ್ಮ ರಾಜ್ಯದಲ್ಲಿ ಅದರ ರುಚಿ ಸಿಕ್ಕಿತ್ತು, ‘ಆಪರೇಷನ್ ಕಮಲ’ ಅನ್ನೋ ಹೆಸರು ಬಿದ್ದದ್ದು ಆಗಲೇ.

ಹಾಗಂತ ಕೈ ಪಕ್ಷದವರು ಹಾಲಿನಲ್ಲಿ ತೊಳೆದವರೇನಲ್ಲ. 2016ರ ರಾಜ್ಯಸಭಾ ಚುನಾವಣೆಯಲ್ಲಿ ಜೆಡಿಎಸ್‌ನ ಬಂಡಾಯ ಶಾಸಕರು ಕಾಂಗ್ರೆಸ್ ಅಭ್ಯರ್ಥಿಗೆ ಓಟು ಹಾಕಿ, 2018ರ ಚುನಾವಣೆಯ ಮುಂಚೆ ಅದೇ ಪಕ್ಷ ಸೇರಿದಾಗ ಹಾರ ಹಾಕಿ ಬರಮಾಡಿಕೊಂಡವರು ಯಾರು?

21 ತಿಂಗಳು

ಸುಪ್ರೀಂ ಕೋರ್ಟು 2019ರ ನವೆಂಬರ್ 13ರಂದು ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ವಿಧಾನಸಭೆಯ ಅವಧಿ ಮುಗಿಯುವ ತನಕ ನಿಲ್ಲಬಾರದೆಂಬ ಸ್ಪೀಕರ್ ನಿರ್ಬಂಧವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕಡೆ ಉಪಚುನಾವಣೆ. ಬಿಜೆಪಿಗೆ 12. ಅನರ್ಹರಲ್ಲಿ 13 ಮಂದಿ ನಿಂತು 11 ಮಂದಿ ಗೆದ್ದರು, ಅವರಲ್ಲಿ 10 ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಜನ ಪಾಠ ಕಲಿಸ್ತಾರೆ ಅಂತ ಬರೆದಿದ್ದ ನಮ್ಮಂಥ ಪತ್ರಕರ್ತರೇ ಪಾಠ ಕಲಿತೆವು.

ಮಸ್ಕಿಗೆ ಆ ಭಾಗ್ಯವೂ ಇಲ್ಲ. 2018ರ ಫಲಿತಾಂಶದ ಮೇಲಿನ ತಕರಾರು ಅರ್ಜಿ ಹೈಕೋರ್ಟಿನಲ್ಲಿ ಇತ್ತು, ಚುನಾವಣೆ ಮುಂದಕ್ಕೆ ಹೋಯಿತು. 2019ರ ಜುಲೈ 28ಕ್ಕೆ ಖಾಲಿಯಾದ ಖುರ್ಚಿ ತುಂಬಿದ್ದು 2021ರ ಮೇ 2ಕ್ಕೆ. ಲೆಕ್ಕ ಹಾಕಿ: 21 ತಿಂಗಳು.

ಶಾಸಕರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅಂತ ಚಹಾದಂಗಡಿಯಲ್ಲಿ ಮಾತಾಡೋರುಂಟು. ಅಷ್ಟು ಹಗುರ ಅಲ್ಲ. ಬಗರ್ ಹುಕುಂ ಜಮೀನಿನ ಅರ್ಜಿ ನೋಡುವ ಸಮಿತಿಗೆ ಅಧ್ಯಕ್ಷರು ಶಾಸಕರು. ಮನೆ ಹಂಚುವ ಆಶ್ರಯ ಸಮಿತಿಗೂ ಅವರೇ. ತಾಲ್ಲೂಕಿನ ಅಧಿಕಾರಿಗಳನ್ನು ಕೂರಿಸಿಕೊಂಡು ಲೆಕ್ಕ ಕೇಳುವ ಕೆಡಿಪಿ ಸಭೆಗೂ ಅವರೇ. ವರ್ಷಕ್ಕೆ ಎರಡು ಕೋಟಿಯ ಶಾಸಕರ ನಿಧಿಯಲ್ಲಿ ಯಾವ ಓಣಿಗೆ ಚರಂಡಿ, ಯಾವ ಶಾಲೆಗೆ ಕೋಣೆ ಎಂದು ಬರೆದು ಕೊಡೋರೂ ಅವರೇ. ಮಸ್ಕಿಯೋ, ಹೊಸದಾಗಿ ತಾಲ್ಲೂಕಾದ ಊರು. ಕಚೇರಿ, ಸಿಬ್ಬಂದಿ ಎಲ್ಲಾ ಕೇಳಿ ಕೇಳಿ ತರಬೇಕಾದ ಕಾಲ. ಅದೇ ಹೊತ್ತಿಗೆ 2020ರ ಮಾರ್ಚಿನಲ್ಲಿ ಕೊರೊನಾ ಲಾಕ್‌ಡೌನು. ಅಂಗಡಿ ಬಂದ್, ಬಸ್ ಬಂದ್, ಗುಳೆ ಹೋದವರು ಊರಿಗೆ ವಾಪಸ್. 2020ರಲ್ಲಿ ಒಂದು, 2021ರಲ್ಲಿ ಒಂದು, ಎರಡು ಬಜೆಟ್ ಮಂಡನೆಯಾದವು. ಎದ್ದು ನಿಂತು ‘ನಮ್ಮ ಮಸ್ಕಿಗೆ ಏನು ಕೊಟ್ರಿ?’ ಅಂತ ಕೇಳುವ ಸದಸ್ಯರೇ ಸದನದಲ್ಲಿ ಇರಲಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಪಾಮನಕಲ್ಲೂರು ಭಾಗದ ರೈತರು ಧರಣಿ ಕುಂತದ್ದೂ ಈ ಖಾಲಿ ಖುರ್ಚಿಯ ಕಾಲದಲ್ಲೇ.

‘ಯಾರ ಮನಿ ಮುಂದ ನಿಂದ್ರಬೇಕ್ರಿ? ಇದ್ದವರು ಮಾಜಿ ಆಗ್ಯಾರ, ಬರೋರು ಇನ್ನಾ ಬಂದಿಲ್ಲ’ ಅನ್ನೋ ಮಾತಿಗೆ ಯಾವ ಕಾನೂನಿನಲ್ಲೂ ಉತ್ತರ ಇಲ್ಲ.

ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೇ ಹೋದರಲ್ಲ, ತಪ್ಪೇನು ಎಂದು ವಾದಿಸುವ ಪುಢಾರಿಗಳಿದ್ದಾರೆ. ವಾದದಲ್ಲಿ ಅರ್ಧ ಹುರುಳಿದೆ, ಒಪ್ಪೋಣ. ಗುಟ್ಟಾಗಿ ಅಡ್ಡಮತ ಹಾಕಿ ಕೂತವರಿಗಿಂತ ಅವರು ವಾಸಿ. ಆದರೆ ಆ ಚುನಾವಣೆಯ ಖರ್ಚು ಯಾರ ಜೇಬಿನದು? ಮನಸ್ಸು ಬದಲಿಸಿದವರು ಒಬ್ಬರು, ಎರಡನೇ ಸಲ ಸಾಲಿನಲ್ಲಿ ನಿಂತವರು ಲಕ್ಷಾಂತರ ಜನ. ಅದೂ ಮಸ್ಕಿಯಲ್ಲಿ ನಿಂತದ್ದು 2021ರ ಏಪ್ರಿಲ್ 17ರಂದು, ಎರಡನೇ ಅಲೆ ಏರುತ್ತಿದ್ದ ದಿನಗಳಲ್ಲಿ.

ಆ ಚುನಾವಣೆಯ ತಮಾಷೆ ಕೇಳಿ. ಪ್ರತಾಪಗೌಡರು ಕಮಲದ ಗುರುತಿಗೆ ಬಂದರು. ಟಿಕೆಟ್ ಕೈತಪ್ಪಿದ ತುರುವಿಹಾಳರು ಸೀದಾ ಕಾಂಗ್ರೆಸ್ಸಿಗೆ ನಡೆದರು. ಅವೇ ಎರಡು ಮುಖ, ಅವೇ ಎರಡು ಗುರುತು, ಅದಲು ಬದಲು! 2018ರಲ್ಲಿ ಬರೆಸಿದ ಗೋಡೆಗಳಲ್ಲಿ ಗುರುತು ಬಿಟ್ಟು ಹೆಸರಿಗಷ್ಟೇ ಸುಣ್ಣ ಬಳಿದಿದ್ದರೂ ನಡೀತಿತ್ತು. ತುರುವಿಹಾಳರೂ ಪಕ್ಷಾಂತರಿಯೇ ತಾನೆ ಅಂತೀರಾ? ಹೌದು. ಆದರೆ ಅವರು ಹೊರಟಾಗ ಜೇಬಿನಲ್ಲಿ ಜನ ಕೊಟ್ಟ ಶಾಸಕ ಸ್ಥಾನ ಇರಲಿಲ್ಲ, ಸೋಲು ಇತ್ತು. ಅವರು ಹೋದದ್ದರಿಂದ ಯಾವ ಖುರ್ಚಿಯೂ ಖಾಲಿ ಆಗಲಿಲ್ಲ.

ಮೇ 2ರಂದು ಎಣಿಕೆ ಮುಗಿದಾಗ 213ರ ಅಂತರ 30 ಸಾವಿರ ದಾಟಿತ್ತು, ಅದೂ ತಿರುವುಮುರುವಾಗಿ. ಗೆದ್ದವರು ತುರುವಿಹಾಳರು. 2023ರಲ್ಲಿ ಮತ್ತೆ ಅವರಿಬ್ಬರೇ ಎದುರಾದರು, ಆ ಸಲ ಗುರುತು ಯಾರೂ ಬದಲಿಸಲಿಲ್ಲ. ಗೆದ್ದವರೂ ಬದಲಾಗಲಿಲ್ಲ.